ಆದವಾನಿಯ ಸಿದ್ದಿ ಮಸೂದ್ ಖಾನ್: ಒಬ್ಬ ಹಬಸಿ ಕಲಾಪೋಷಕನ ಬದುಕು

ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಉಚ್ಚಂಗಿದುರ್ಗ, ಪೂರ್ವದ ಅಂಚಿನಲ್ಲಿ ಆದವಾನಿ. ಈ ಎರಡು ಗಿರಿದುರ್ಗಗಳು 1800ರಿಂದ 1953ರವರೆಗೆ ಒಂದೇ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಮೊದಲಾದವು ಮೈಸೂರು ರಾಜ್ಯಕ್ಕೆ ಬಂದವು. ನೊಳಂಬವಾಡಿಯ ಪಾಂಡ್ಯರ ರಾಜಧಾನಿಯಾಗಿ, ಹೊಯ್ಸಳರ ದಂಡಯಾತ್ರೆಯ ಗುರಿಯಾಗಿ, ಹರಪನಹಳ್ಳಿ ಪಾಳೆಯಗಾರರ ಆಶ್ರಯಸ್ಥಾನವಾಗಿ ಉಚ್ಚಂಗಿದುರ್ಗವು ಕನ್ನಡ ಸಂಶೋಧನೆಯ ವ್ಯಾಪ್ತಿಯಲ್ಲಿ ಉಳಿಯಿತು. ಆದವಾನಿಯು ಗಡಿಯಾಚೆಯ ಊರಾಗಿ ಕ್ರಮೇಣ ನಮ್ಮ ವಿದ್ವಾಂಸರ ಗಮನದಿಂದ ದೂರವಾಯಿತು. ಆ ಊರಿನೊಡನೆ ದೂರವಾದವರಲ್ಲಿ ಸಿದ್ದಿ ಮಸೂದ್ ಖಾನನೂ ಒಬ್ಬ. ಆದಿಲ್‌ಶಾಹಿಯ ಕೊನೆಯ ದಿನಗಳ ಪ್ರಧಾನಿಯಾಗಿ ಅವನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುತ್ತದೆ. ಕಲಾಪೋಷಕನಾಗಿ ಅವನನ್ನು ಗುರುತಿಸುವ ಪ್ರಯತ್ನ ಕನ್ನಡದಲ್ಲಿ ವಿರಳ.

ಕನ್ನಡ ಓದುಗರಿಗೆ ಕಪ್ಪು ಜನರ ಸಂಸ್ಕೃತಿಯ ಪರಿಚಯವಾದದ್ದು ಹೆಚ್ಚಾಗಿ 1970ರ ದಶಕದ ನಂತರ, ದಲಿತ-ಬಂಡಾಯ ಚಳವಳಿಯ ಸಂದರ್ಭದಲ್ಲಿ. ಅಮೆರಿಕದ ಕಪ್ಪು ಸಾಹಿತ್ಯ, ಜಾಜ್ ಸಂಗೀತ, ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ 1920ರ ದಶಕದಲ್ಲಿ ಚಿತ್ರಕಲೆ ಮತ್ತು ಸಂಗೀತ ಒಟ್ಟೊಟ್ಟಿಗೆ ಬೆಳೆದ ಬಗೆ, ಇವೆಲ್ಲ ನಮ್ಮ ವಿಮರ್ಶೆಯ ಪರಿಭಾಷೆಯೊಳಗೆ ಬಂದವು. ಇದರಿಂದ ಕಪ್ಪು ಕಲೆ ಎಂದರೆ ಅಟ್ಲಾಂಟಿಕ್ ಸಾಗರದ ಆಚೆಗಿನ ಸಂಗತಿ ಎಂಬ ಗ್ರಹಿಕೆಯೂ ಬೆಳೆಯಿತು. ಅದಕ್ಕೆ ಮುನ್ನೂರು ವರ್ಷ ಮೊದಲೇ ಕನ್ನಡ ನಾಡಿನ ವಿಜಾಪುರ ಮತ್ತು ಆದವಾನಿಗಳಲ್ಲಿ ಆಫ್ರಿಕಾ ಮೂಲದವರು ಚಿತ್ರಗಳ ವಸ್ತುವಾಗಿ, ಕಟ್ಟಡಗಳ ನಿರ್ಮಾತೃಗಳಾಗಿ, ಕಲೆಯ ಆಶ್ರಯದಾತರಾಗಿ ಬಾಳಿದ್ದರು. ಮಸೂದ್ ಖಾನನ ಬದುಕನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತ.

ವಿಜಾಪುರದ ಹಬಸಿಗಳು

ಇಥಿಯೋಪಿಯಾ ಮತ್ತು ಅದರ ಸುತ್ತಲಿನ ಪ್ರದೇಶಗಳಿಂದ ಬಂದವರನ್ನು ದಖನ್ನಿನಲ್ಲಿ ಹಬಸಿಗಳೆಂದೂ ಸಿದ್ದಿಗಳೆಂದೂ ಕರೆಯುತ್ತಿದ್ದರು. ಇವರಲ್ಲಿ ಹಲವರು ಬಾಲ್ಯದಲ್ಲಿಯೇ ಗುಲಾಮರಾಗಿ ಮಾರಾಟವಾಗಿ, ಕೆಂಪು ಸಮುದ್ರ ಮತ್ತು ಅರಬ್ಬೀ ಸಮುದ್ರದ ಬಂದರುಗಳ ಮೂಲಕ ಇಲ್ಲಿಗೆ ಬಂದರು. ಅಮೆರಿಕದ ತೋಟಗಳ ಗುಲಾಮಗಿರಿಗೂ ದಖನ್ನಿನ ಸೈನಿಕ ಗುಲಾಮಗಿರಿಗೂ ಮುಖ್ಯವಾದ ವ್ಯತ್ಯಾಸವಿತ್ತು. ಇಲ್ಲಿ ಗುಲಾಮನಾಗಿ ಬಂದವನು ಶಸ್ತ್ರವಿದ್ಯೆ, ಪಾರಸಿ ಭಾಷೆ, ಲೆಕ್ಕಪತ್ರ ಕಲಿತು, ಒಡೆಯನ ಮರಣಾನಂತರ ಸ್ವತಂತ್ರನಾಗಿ, ತನ್ನದೇ ದಂಡು ಕಟ್ಟಿ ಜಹಗೀರು ಪಡೆಯುವುದು ಸಾಧ್ಯವಿತ್ತು. ಅಹ್ಮದ್‌ನಗರದ ಮಲಿಕ್ ಅಂಬರ್ (1548-1626) ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ವಿಜಾಪುರದಲ್ಲಿಯೂ 1582ರಿಂದ 1590ರವರೆಗೆ ಬಾಲಕ ಇಬ್ರಾಹಿಂನ ಹೆಸರಿನಲ್ಲಿ ರಾಜ್ಯಭಾರ ಮಾಡಿದ ದಿಲಾವರ್ ಖಾನನು ಹಬಸಿಯೇ.

ಆ ಬಾಲಕನೇ ಮುಂದೆ ಎರಡನೆಯ ಇಬ್ರಾಹಿಂ ಆದಿಲ್‌ಶಹನಾಗಿ ಸಂಗೀತಕ್ಕೂ ಚಿತ್ರಕಲೆಗೂ ಹೆಸರಾದ. ದಖನಿ ಭಾಷೆಯಲ್ಲಿ ಕಿತಾಬ್-ಎ-ನವರಸ ಎಂಬ ಗೇಯಕೃತಿಯನ್ನು ರಚಿಸಿದ ಈ ದೊರೆ ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ. 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣದ ನಿರ್ಮಾಣವನ್ನು ಆರಂಭಿಸಿ, ಗಾಯಕರಿಗೂ ವಾದಕರಿಗೂ ಅಲ್ಲಿ ನೆಲೆ ಕಲ್ಪಿಸಿದ. ಪ್ರತಿದಿನ ಹಾಡುಗಾರಿಕೆ ನಡೆಯುವ ಸಭೆ, ಅದರ ಪಕ್ಕದಲ್ಲಿಯೇ ಚಿತ್ರಗಾರರ ಕಾರ್ಖಾನೆ, ಇದು ಆ ಕಾಲದ ವಿಜಾಪುರ. ಹಬಸಿ ಸರದಾರರು ಬೆಳೆದದ್ದು ಈ ಪರಿಸರದಲ್ಲಿ.

ಅವರ ಪಾಲ್ಗೊಳ್ಳುವಿಕೆಗೆ ಕಟ್ಟಡಗಳಲ್ಲಿಯೇ ಸಾಕ್ಷ್ಯಗಳಿವೆ. ಇಬ್ರಾಹಿಂ ರೋಜಾದ ಶಾಸನದಲ್ಲಿ ಮಲಿಕ್ ಸಂದಲ್ ಎಂಬಾತನ ಹೆಸರಿದೆ. ಅವನು ಹಬಸಿಯೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಜಾಮಿಯಾ ಮಸೀದಿಯ ಮಿಹ್ರಾಬಿಗೆ ಮುಹಮ್ಮದ್ ಆದಿಲ್‌ಶಹನ ಅಪ್ಪಣೆಯಂತೆ 1636ರ ಸುಮಾರಿಗೆ ಬಂಗಾರದ ಮತ್ತು ಬಣ್ಣದ ಅಲಂಕರಣ ಮಾಡಿಸಿದವನು ಯಾಕೂತ್ ದಾಬೂಲಿ. ಮಾಡಗಳು, ಅವುಗಳಲ್ಲಿ ಜೋಡಿಸಿಟ್ಟ ಪುಸ್ತಕಗಳು, ಹೂದಾನಿಗಳು ಬಣ್ಣದಲ್ಲಿ ಮೂಡಿರುವ ಆ ಗೋಡೆಯು ದಖನ್ನಿನ ಭಿತ್ತಿಚಿತ್ರಗಳಲ್ಲಿ ವಿಶಿಷ್ಟವಾದುದು. ಇದೇ ಕಾಲದ ಸಣ್ಣ ಚಿತ್ರಗಳಲ್ಲಿ ಮಲಿಕ್ ರೈಹಾನ್ ಎಂಬ ಮೂಲ ಹೆಸರಿನ ಇಖ್ಲಾಸ್ ಖಾನನು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಚಿತ್ರಗಾರರು 1645ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಸುಲ್ತಾನನೂ ಇಖ್ಲಾಸ್ ಖಾನನೂ ಒಂದೇ ಆನೆಯನ್ನೇರಿ ಹೋಗುತ್ತಿದ್ದಾರೆ. ಅದೇ ಶತಮಾನದಲ್ಲಿ ಜಹಾಂಗೀರನ ಆಸ್ಥಾನದ ಅಬುಲ್ ಹಸನ್ ಬರೆದ ಚಿತ್ರದಲ್ಲಿ ಬಾದಶಹನು ಮಲಿಕ್ ಅಂಬರನ ಕಡಿದ ತಲೆಗೆ ಬಾಣ ಬಿಡುತ್ತಾನೆ. ಯುದ್ಧದಲ್ಲಿ ಸಾಧ್ಯವಾಗದ ಗೆಲುವನ್ನು ಅಲ್ಲಿ ಕುಂಚದಿಂದ ಪಡೆಯಲಾಗಿದೆ. ಈ ಎರಡು ಚಿತ್ರಗಳನ್ನು ಹೋಲಿಸಿದಾಗ, ಕಪ್ಪು ಮೈಬಣ್ಣವನ್ನು ಹಗೆಯ ಗುರುತಾಗಿ ನೋಡುವ ದೃಷ್ಟಿಗೂ ಆಸ್ಥಾನದ ಗೌರವದೊಳಗೆ ಇರಿಸಿ ನೋಡುವ ದೃಷ್ಟಿಗೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಪನ್ಹಾಳದಿಂದ ಆದವಾನಿಗೆ

ಮಸೂದ್ ಖಾನನು ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಕರ್ನೂಲಿನ ಸಿದ್ದಿ ಜೌಹರನ ಅಳಿಯನಾಗಿ. ಎರಡನೆಯ ಅಲಿ ಆದಿಲ್‌ಶಹನು (1656-1672) ಜೌಹರನಿಗೆ ಸಲಾಬತ್ ಖಾನ್ ಎಂಬ ಬಿರುದು ನೀಡಿ 1660ರಲ್ಲಿ ಶಿವಾಜಿಯ ಮೇಲೆ ಕಳುಹಿಸಿದ. ಪನ್ಹಾಳದ ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಜುಲೈ ತಿಂಗಳ ಮಳೆಯ ರಾತ್ರಿ ಶಿವಾಜಿ ಕೋಟೆಯಿಂದ ಪಾರಾಗಿ ವಿಶಾಲಗಡದತ್ತ ಹೊರಟಾಗ ಬೆನ್ನಟ್ಟಿದ ದಂಡಿನ ನಾಯಕ ಮಸೂದ್. ಕಣಿವೆಯಲ್ಲಿ ಬಾಜಿಪ್ರಭು ದೇಶಪಾಂಡೆ ತಡೆದು ನಿಂತು ಪ್ರಾಣಬಿಟ್ಟ ಪ್ರಸಂಗ ಮರಾಠಿ ಪರಂಪರೆಯಲ್ಲಿ ವೀರಗಾಥೆಯಾಗಿ ಉಳಿಯಿತು. ಆ ಗಾಥೆಯಲ್ಲಿ ಮಸೂದನು ಬೆನ್ನಟ್ಟಿ ಬಂದ ಶತ್ರು ಮಾತ್ರ. ಶಿವಾಜಿ ಪಾರಾದದ್ದರಿಂದ ಜೌಹರನ ನಿಷ್ಠೆಯ ಬಗ್ಗೆ ಸುಲ್ತಾನನಿಗೆ ಸಂಶಯ ಹುಟ್ಟಿತು. ಜೌಹರ್ ಕರ್ನೂಲಿಗೆ ಹಿಂದಿರುಗಿ ಹೆಚ್ಚು ಕಾಲ ಬದುಕಲಿಲ್ಲ. ಅವನ ಅಧಿಕಾರದ ವಾರಸುದಾರಿಕೆ ಮಸೂದನಿಗೆ ಬಂತು. ಆಸ್ಥಾನದ ಕೃಪೆ ಎಷ್ಟು ಬೇಗ ಸಂಶಯವಾಗಿ ಮಾರ್ಪಡಬಲ್ಲದು ಎಂಬುದನ್ನು ಅವನು ತನ್ನ ಮಾವನ ಬದುಕಿನಲ್ಲಿಯೇ ಕಂಡಿದ್ದ.

ಆದವಾನಿಯು ವಿಜಯನಗರದ ಮುಖ್ಯ ದುರ್ಗಗಳಲ್ಲಿ ಒಂದಾಗಿದ್ದು, ರಕ್ಕಸತಂಗಡಿ ಯುದ್ಧದ ಮೂರು ವರ್ಷಗಳ ನಂತರ, 1568ರಲ್ಲಿ, ವಿಜಾಪುರದ ವಶವಾಯಿತು. ಎರೆಭೂಮಿಯ ಹತ್ತಿ ಬೆಳೆ ಮತ್ತು ತುಂಗಭದ್ರೆಯಾಚೆಯ ದೋ-ಆಬ್ ಪ್ರದೇಶದ ಸಾಮೀಪ್ಯದಿಂದ ಈ ಕೋಟೆಗೆ ಆರ್ಥಿಕವಾಗಿಯೂ ಸೈನಿಕವಾಗಿಯೂ ಮಹತ್ವವಿತ್ತು. ಹದಿನೇಳನೆಯ ಶತಮಾನದ ಆರಂಭದಲ್ಲಿಯೇ ಮಲಿಕ್ ರಹಮಾನ್ ಖಾನ್ ಎಂಬ ಹಬಸಿ ಇಲ್ಲಿ ದೀರ್ಘಕಾಲ ಅಧಿಪತಿಯಾಗಿದ್ದು, ಬೆಟ್ಟದ ಮೇಲಿನ ಅವನ ಗೋರಿಗೆ ಜನ ನಡೆದುಕೊಳ್ಳುವ ವಾಡಿಕೆ ಬ್ರಿಟಿಷರ ಕಾಲದವರೆಗೂ ಮುಂದುವರಿದಿತ್ತು. ಹೀಗಾಗಿ 1660ರ ದಶಕದಲ್ಲಿ ಮಸೂದನು ಆದವಾನಿಯ ಅಧಿಕಾರ ಹಿಡಿದಾಗ, ಆ ಊರಿಗೆ ಹಬಸಿ ಆಳ್ವಿಕೆ ಹೊಸದಾಗಿರಲಿಲ್ಲ. ಇದೇ ಕಾಲದಲ್ಲಿ ಪಶ್ಚಿಮದ ಹರಪನಹಳ್ಳಿಯ ಪಾಳೆಯಗಾರರು ಉಚ್ಚಂಗಿದುರ್ಗದಂಥ ನೆಲೆಗಳನ್ನು ಆಧರಿಸಿ ಬಲಗೊಳ್ಳುತ್ತಿದ್ದರು. ಮೇಲೊಂದು ಪ್ರಭುತ್ವಕ್ಕೆ ಕಪ್ಪ ಒಪ್ಪಿಸುತ್ತ ತಮ್ಮ ಕೋಟೆಯಲ್ಲಿ ತಾವೇ ದೊರೆಗಳಾಗಿರುವ ವ್ಯವಸ್ಥೆ ಈ ಸೀಮೆಗೆಲ್ಲ ಸಾಮಾನ್ಯವಾಗಿತ್ತು. ಮಸೂದನ ಆದವಾನಿಯೂ ಅದೇ ಮಾದರಿಯ ಅರೆಸ್ವತಂತ್ರ ಸಂಸ್ಥಾನ.

ಅವನ ಹೆಸರಿನೊಡನೆ ಸ್ಥಿರವಾಗಿ ಸೇರಿಕೊಂಡಿರುವುದು ಆದವಾನಿಯ ಜಾಮಿಯಾ ಮಸೀದಿ. ಇದಕ್ಕೆ ಎರಡು ಲಕ್ಷ ರೂಪಾಯಿ ವೆಚ್ಚವಾಯಿತೆಂಬ ಪ್ರತೀತಿಯಿದೆ. 1904ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಗ್ಯಾಸೆಟಿಯರ್ ಈ ಕಟ್ಟಡವನ್ನು ವಿಶೇಷವಾಗಿ ಮೆಚ್ಚಿಕೊಂಡಿದೆ. ವಿಜಾಪುರದ ದೊಡ್ಡ ನಿರ್ಮಾಣಗಳ ಯುಗ ಮುಗಿದು, ಅಲಿ ಆದಿಲ್‌ಶಹನ ಗೋರಿಯೂ ಅಪೂರ್ಣವಾಗಿ ಬಾರಾ ಕಮಾನ್ ಎಂದು ನಿಂತುಬಿಟ್ಟ ಕಾಲದಲ್ಲಿ, ಪ್ರಾಂತ್ಯದ ಒಂದು ಊರಿನಲ್ಲಿ ಇಂಥ ಕಟ್ಟಡ ಪೂರ್ಣಗೊಂಡಿತೆಂಬುದು ಗಮನಾರ್ಹ. ರಾಜಧಾನಿ ಬಡವಾದಂತೆ ಕಲೆಯ ಆಶ್ರಯವು ಅಂಚಿನ ಊರುಗಳಿಗೆ ಸರಿಯಿತು. ಆದವಾನಿ ಅಂಥ ಒಂದು ತಾಣ.

ಪ್ರಧಾನಿಯ ಐದು ವರ್ಷಗಳು

ಅಲಿ ಆದಿಲ್‌ಶಹನು 1672ರಲ್ಲಿ ತೀರಿಕೊಂಡಾಗ ಅವನ ಮಗ ಸಿಕಂದರನು ಇನ್ನೂ ಎಳೆಯ ಮಗು. ಹಬಸಿ ಸರದಾರನಾದ ಖವಾಸ್ ಖಾನ್ ರಾಜಪ್ರತಿನಿಧಿಯಾದ. 1675ರಲ್ಲಿ ಅಫ್ಘಾನ್ ಸರದಾರ ಬಹಲೂಲ್ ಖಾನನು ಅವನನ್ನು ಸೆರೆಹಿಡಿದು ಅಧಿಕಾರ ಕಿತ್ತುಕೊಂಡ. ಮರುವರ್ಷ ಖವಾಸ್ ಖಾನನ ಕೊಲೆಯಾಯಿತು. 1677ರ ಡಿಸೆಂಬರಿನಲ್ಲಿ ಬಹಲೂಲನೂ ಸತ್ತ. ಸಂಬಳ ಸಿಗದ ಅಫ್ಘಾನ್ ದಂಡು ಬೀದಿಗಿಳಿದು ನಗರವನ್ನು ಪೀಡಿಸತೊಡಗಿತು. ಈ ಸ್ಥಿತಿಯಲ್ಲಿ, 1678ರ ಫೆಬ್ರವರಿಯಲ್ಲಿ, ಮಸೂದ್ ಖಾನನು ರಾಜಪ್ರತಿನಿಧಿಯಾಗಿ ವಿಜಾಪುರಕ್ಕೆ ಬಂದ. ದಂಡಿನ ಬಾಕಿ ತೀರಿಸುವ ಹೊಣೆಯೂ ಅವನ ಮೇಲೆ ಬಿತ್ತು.

ಅವನ ಆಡಳಿತದ ಕಷ್ಟಗಳು ಒಂದೆರಡಲ್ಲ. ಬೊಕ್ಕಸ ಬರಿದಾಗಿತ್ತು. ಸರದಾರರಲ್ಲಿ ಒಮ್ಮತವಿರಲಿಲ್ಲ. ಮೊಗಲರ ಒತ್ತಾಯಕ್ಕೆ ಮಣಿದು ಸುಲ್ತಾನನ ಅಕ್ಕ ಶಹರ್‌ಬಾನುವನ್ನು 1679ರಲ್ಲಿ ಅವರ ಪಾಳೆಯಕ್ಕೆ ಕಳುಹಿಸಬೇಕಾಯಿತು. ನಗರದ ಜನರ ಪ್ರೀತಿಗೆ ಪಾತ್ರಳಾಗಿದ್ದ ಆಕೆಯ ನಿರ್ಗಮನದಿಂದಲೂ ಶಾಂತಿ ದೊರೆಯಲಿಲ್ಲ. ಅದೇ ವರ್ಷ ದಿಲೇರ್ ಖಾನನು ವಿಜಾಪುರದ ಮೇಲೆ ಬಂದ. ಆಗ ಮಸೂದನು ನೆರವು ಕೇಳಿದ್ದು ಶಿವಾಜಿಯನ್ನು. ಹತ್ತೊಂಬತ್ತು ವರ್ಷಗಳ ಹಿಂದೆ ಪನ್ಹಾಳದ ದಾರಿಯಲ್ಲಿ ಬೆನ್ನಟ್ಟಿದವನ ಕರೆಗೆ ಬೆನ್ನಟ್ಟಿಸಿಕೊಂಡವನು ಓಗೊಟ್ಟ. ಮರಾಠರು ಮೊಗಲರ ಸೀಮೆಗಳ ಮೇಲೆ ದಾಳಿಮಾಡಿದರು. ದಿಲೇರ್ ಖಾನನು ನವೆಂಬರಿನಲ್ಲಿ ಮುತ್ತಿಗೆ ತೆಗೆದು, ಸುತ್ತಲ ಹಳ್ಳಿಗಳನ್ನು ಸೂರೆಮಾಡುತ್ತ ಹೋದ. ನಗರ ಉಳಿಯಿತು. ದಖನ್ನಿನ ರಾಜಕಾರಣವನ್ನು ಧರ್ಮ ಅಥವಾ ಜನಾಂಗಗಳ ಸಂಘರ್ಷವೆಂದು ಮಾತ್ರ ಓದುವವರಿಗೆ ಈ ಘಟನೆ ಒಂದು ಎಚ್ಚರಿಕೆ.

ಈ ಸಂಕಷ್ಟದ ನಡುವೆಯೂ ವಿಜಾಪುರದ ಚಿತ್ರಶಾಲೆ ಪೂರ್ತಿ ಮುಚ್ಚಿರಲಿಲ್ಲ. ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಚಿತ್ರಗಾರರು 1680ರ ಸುಮಾರಿಗೆ ಆದಿಲ್‌ಶಾಹಿ ವಂಶದ ದೊರೆಗಳೆಲ್ಲರನ್ನೂ ಒಂದೇ ಪಟದಲ್ಲಿ ಕೂರಿಸಿ ಬರೆದ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ವಂಶಸ್ಥಾಪಕ ಯೂಸುಫನು ಇರಾನಿನ ಶಹನಿಂದ ಅಧಿಕಾರದ ಬೀಗದ ಕೈಯನ್ನು ಸ್ವೀಕರಿಸುತ್ತಿದ್ದಾನೆ. ಕೊನೆಯವನಾಗಿ ಬಾಲಕ ಸಿಕಂದರನಿದ್ದಾನೆ. ಇನ್ನೂರು ವರ್ಷಗಳ ಒಂದು ವಂಶವು ಅಳಿವಿನ ಅಂಚಿನಲ್ಲಿ ನಿಂತು ತನ್ನನ್ನು ತಾನೇ ನೋಡಿಕೊಂಡ ಚಿತ್ರವಿದು. ಇದು ರಚನೆಯಾದ ಕಾಲದಲ್ಲಿ ಆ ಬಾಲಕನ ಹೆಸರಿನಲ್ಲಿ ರಾಜ್ಯ ನಡೆಸುತ್ತಿದ್ದವನು ಮಸೂದ್ ಖಾನ್. ಪಟದಲ್ಲಿ ಅವನಿಗೆ ಸ್ಥಳವಿಲ್ಲ. ವಂಶದ ಚಿತ್ರದಲ್ಲಿ ಪ್ರಧಾನಿಗೆ ಸ್ಥಳವಿರಬೇಕಾಗಿಯೂ ಇಲ್ಲ. ಆದರೂ ರಾಜ್ಯವನ್ನು ಹೊತ್ತವನು ಚೌಕಟ್ಟಿನ ಹೊರಗೇ ಉಳಿದದ್ದು ಅವನ ಮುಂದಿನ ಚರಿತ್ರೆಗೂ ಸಲ್ಲುವ ಮಾತು.

1683ರ ಕೊನೆಯಲ್ಲಿ ಮಸೂದನು ಅಧಿಕಾರ ಬಿಟ್ಟು ಆದವಾನಿಗೆ ಹೊರಟುಹೋದ. ಮತ್ತೆ ರಾಜಧಾನಿಯ ಹೊಣೆ ಹೊರಲು ಅವನು ಒಪ್ಪಲಿಲ್ಲ. ಮುಳುಗುವ ಹಡಗನ್ನು ಬಿಟ್ಟು ಹೋದನೆಂಬ ಆರೋಪ ಅವನ ಮೇಲೆ ಬರುವುದು ಸಹಜ. ರಾಜಪ್ರತಿನಿಧಿಗಳಾಗಿದ್ದ ಹಿಂದಿನವರ ಗತಿಯನ್ನೂ, ಔರಂಗಜೇಬನು ಸ್ವತಃ ದಖನ್ನಿಗೆ ಬಂದಿಳಿದಿದ್ದುದನ್ನೂ ಪರಿಗಣಿಸಿದರೆ ಆ ನಿರ್ಧಾರದ ಕಾರಣಗಳು ಅರ್ಥವಾಗುತ್ತವೆ. ಅರ್ಥವಾದ ಮಾತ್ರಕ್ಕೆ ಆರೋಪವು ಪೂರ್ತಿ ಅಳಿಯುವುದಿಲ್ಲ. ಅವನಿಲ್ಲದ ವಿಜಾಪುರವು 1686ರ ಸೆಪ್ಟೆಂಬರಿನಲ್ಲಿ ಮೊಗಲರಿಗೆ ಶರಣಾಯಿತು.

ಮುತ್ತಿಗೆ ಮತ್ತು ಮಸೀದಿ

1687ರಲ್ಲಿ ಗೋಲ್ಕೊಂಡವೂ ಬಿದ್ದಮೇಲೆ ಆದವಾನಿಯ ಸರದಿ ಬಂತು. ಮುಂದೆ ಹೈದರಾಬಾದಿನ ಮೊದಲ ನಿಜಾಮನಾದವನ ತಂದೆ ಫಿರೋಜ್ ಜಂಗನು ದೊಡ್ಡ ಸೈನ್ಯದೊಡನೆ ಕೋಟೆಯನ್ನು ಮುತ್ತಿದ. ಮಸೂದನು ಮೊದಲು ಪ್ರತಿರೋಧಿಸಿದ. 1688ರ ಆಗಸ್ಟಿನಲ್ಲಿ ಶರಣಾದ. ಈ ಶರಣಾಗತಿಯ ಬಗ್ಗೆ ಆದವಾನಿಯಲ್ಲಿ ಒಂದು ಐತಿಹ್ಯ ಉಳಿದುಬಂದಿದ್ದು, ಬ್ರಿಟಿಷ್ ಅಧಿಕಾರಿಗಳೂ ಅದನ್ನು ದಾಖಲಿಸಿದ್ದಾರೆ. ಕೋಟೆ ಮಣಿಯದಿದ್ದಾಗ ಮೊಗಲ್ ಸೇನಾನಿಯು ತನ್ನ ಫಿರಂಗಿಗಳನ್ನು ಊರಿನ ಜಾಮಿಯಾ ಮಸೀದಿಯ ಕಡೆಗೆ ತಿರುಗಿಸಿದನಂತೆ. ತಾನು ಕಟ್ಟಿಸಿದ ಮಸೀದಿ ಎಲ್ಲಕ್ಕಿಂತ ಮಿಗಿಲೆಂದು ಬಗೆದ ಮಸೂದನು ಅದು ಒಡೆಯುವುದನ್ನು ನೋಡಲಾರದೆ ಕೋಟೆಯನ್ನು ಒಪ್ಪಿಸಿದನಂತೆ.

ಸೈನಿಕ ದೃಷ್ಟಿಯಿಂದ ನೋಡಿದರೆ ಈ ಐತಿಹ್ಯವು ಶರಣಾಗತಿಯ ಪೂರ್ಣ ವಿವರಣೆಯಾಗಲಾರದು. ವಿಜಾಪುರ, ಗೋಲ್ಕೊಂಡಗಳೆರಡೂ ಅಳಿದಮೇಲೆ ಹೊರಗಿನಿಂದ ನೆರವು ಬರುವ ಸಾಧ್ಯತೆಯೇ ಇರಲಿಲ್ಲ. ಕೋಟೆ ಇಂದಲ್ಲ ನಾಳೆ ಬೀಳಲೇಬೇಕಿತ್ತು. ಮುತ್ತಿದವನೂ ಮುತ್ತಿಗೆಗೆ ಒಳಗಾದವನೂ ಒಂದೇ ಧರ್ಮದವರಾಗಿದ್ದು, ಒಬ್ಬನು ಮಸೀದಿಯತ್ತ ಫಿರಂಗಿ ತಿರುಗಿಸಿದನೆಂಬ ಕಥನದ ವ್ಯಂಗ್ಯವೂ ಇಲ್ಲಿ ಗಮನಿಸತಕ್ಕದ್ದು. ಐತಿಹ್ಯದ ಬೆಲೆಯಿರುವುದು ಬೇರೆ ಕಡೆ. ಸೋತ ಅಧಿಪತಿಯನ್ನು ಹೇಡಿಯೆಂದೋ ದ್ರೋಹಿಯೆಂದೋ ನೆನೆಯುವ ಅವಕಾಶ ಊರಿನ ಜನರಿಗಿತ್ತು. ಅವರು ಅವನನ್ನು ನೆನೆದದ್ದು ಕೋಟೆಗಿಂತ ಕಟ್ಟಡವನ್ನು ಹೆಚ್ಚಾಗಿ ಪ್ರೀತಿಸಿದವನೆಂದು. ಯುದ್ಧದ ಕಥೆಗಳೇ ತುಂಬಿರುವ ಈ ಸೀಮೆಯ ದುರ್ಗಗಳ ಐತಿಹ್ಯಗಳಲ್ಲಿ ಇಂಥ ನೆನಪು ಅಪರೂಪ. ಮುಪ್ಪಾಗಿದ್ದ ಮಸೂದನು ಮೊಗಲ್ ದರ್ಬಾರಿನಲ್ಲಿ ಹೊಸ ಬದುಕು ಹುಡುಕಲಿಲ್ಲ. ಅವನ ಮಕ್ಕಳು ಮೊಗಲರ ಸೇವೆಗೆ ಸೇರಿದರು. ಆದವಾನಿಗೆ ಇಮ್ತಿಯಾಜ್‌ಗಡ ಎಂಬ ಹೊಸ ಹೆಸರು ಬಂತು. ಜನರ ಬಾಯಲ್ಲಿ ಆ ಹೆಸರು ನಿಲ್ಲಲಿಲ್ಲ.

ಬಿಕಾನೇರಕ್ಕೆ ಹೋದ ಚಿತ್ರಗಳು

ಮಸೀದಿ ಉಳಿಯಿತು, ಕೋಟೆಯೊಳಗಿನ ಚಿತ್ರಗಳೂ ಹಸ್ತಪ್ರತಿಗಳೂ ಉಳಿಯಲಿಲ್ಲ. ಆದವಾನಿಯ ಕಾರ್ಯಾಚರಣೆಯಲ್ಲಿ ಭಾಗವಹಿಸಿದ ಮೊಗಲ್ ಸರದಾರರಲ್ಲಿ ಬಿಕಾನೇರದ ಮಹಾರಾಜ ಅನೂಪಸಿಂಹನೂ ಒಬ್ಬ. ಮುಂದೆ ಅದೇ ಕೋಟೆಯ ಆಡಳಿತ ವಹಿಸಿಕೊಂಡು 1698ರಲ್ಲಿ ಆದವಾನಿಯಲ್ಲಿಯೇ ತೀರಿಕೊಂಡ. ಗ್ರಂಥಪ್ರಿಯನಾದ ಅವನು ದಖನ್ನಿನ ಯುದ್ಧಗಳ ಕಾಲದಲ್ಲಿ ಹಸ್ತಪ್ರತಿ, ಚಿತ್ರ, ಲೋಹದ ವಿಗ್ರಹಗಳನ್ನು ಸಂಗ್ರಹಿಸಿ ಮರುಭೂಮಿಯ ತನ್ನ ರಾಜಧಾನಿಗೆ ಸಾಗಿಸಿದ. ಬಿಕಾನೇರದ ಸಂಗ್ರಹಕ್ಕೆ ಸೇರಿದ್ದ ಕೆಲವು ಕೃತಿಗಳ ಮೇಲಿನ ಟಿಪ್ಪಣಿಗಳಲ್ಲಿ ಆದವಾನಿಯ ಹೆಸರು ಕಂಡುಬರುತ್ತದೆ. ಅನೂಪಸಿಂಹನ ಆಶ್ರಯದಲ್ಲಿದ್ದ ರುಕ್ನುದ್ದೀನನಂಥ ಚಿತ್ರಗಾರರ ಕೃತಿಗಳಲ್ಲಿ ದಖನ್ನಿನ ವರ್ಣವಿನ್ಯಾಸದ ಪ್ರಭಾವವನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ. ಇದೇ ದೊರೆಯ ಆಶ್ರಯದಲ್ಲಿ ಭಾವಭಟ್ಟನು ಅನೂಪಸಂಗೀತರತ್ನಾಕರ, ಅನೂಪಸಂಗೀತವಿಲಾಸ ಮೊದಲಾದ ಸಂಗೀತಶಾಸ್ತ್ರ ಗ್ರಂಥಗಳನ್ನು ರಚಿಸಿದ. ಹೀಗೆ ಬಿಕಾನೇರದ ಕೀರ್ತಿಯ ಒಂದು ಪಾಲು ಆದವಾನಿಯಲ್ಲಿ ಬೇರುಬಿಟ್ಟಿದೆ.

ಈ ಸ್ಥಳಾಂತರದ ಫಲ ಎರಡು ಬಗೆಯದು. ಯುದ್ಧಗಳಿಂದ ಜರ್ಜರಿತವಾದ ಈ ಸೀಮೆಯಲ್ಲಿ ನಾಶವಾಗಬಹುದಾಗಿದ್ದ ಕೃತಿಗಳು ಬಿಕಾನೇರದ ಒಣಹವೆಯಲ್ಲಿ ಉಳಿದವು. ಉಳಿಯುವಾಗ ತಮ್ಮ ಒಡೆಯನ ಹೆಸರನ್ನು ಕಳೆದುಕೊಂಡವು. ವಿಜಾಪುರದ ಶೈಲಿ, ಬಿಕಾನೇರದ ಸಂಗ್ರಹ ಎಂಬ ಎರಡು ಗುರುತುಗಳ ನಡುವೆ ಅವುಗಳನ್ನು ಕಾಪಾಡಿಟ್ಟಿದ್ದ ಹಬಸಿ ಅಧಿಪತಿ ಮರೆಯಾದ. ಶೈಲಿಯನ್ನು ರಾಜಧಾನಿಯ ಹೆಸರಿನಿಂದ, ಸಂಗ್ರಹವನ್ನು ಗೆದ್ದವನ ಹೆಸರಿನಿಂದ ಕರೆಯುವ ಪದ್ಧತಿಯೇ ಇದಕ್ಕೆ ಕಾರಣ.

ಮಸೂದನನ್ನು ಶೋಷಿತ ಸಮುದಾಯದ ಪ್ರತಿನಿಧಿಯೆಂದು ಸರಳವಾಗಿ ಬಿಂಬಿಸುವುದು ತಪ್ಪಾಗುತ್ತದೆ. ಅವನು ರೈತರ ಕಂದಾಯದಿಂದ ಬದುಕಿದ ಜಹಗೀರುದಾರ. ಅವನ ಮಸೀದಿಯ ಕಲ್ಲಿನ ಹಿಂದೆ ಹೆಸರಿಲ್ಲದ ಕುಶಲಿಗಳ ಮತ್ತು ಕೂಲಿಗಳ ದುಡಿಮೆಯಿದೆ. ಹಾಗೆಯೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿಗಳನ್ನು ಆದವಾನಿಯ ಹಬಸಿಗಳ ನೇರ ವಾರಸುದಾರರೆನ್ನುವುದಕ್ಕೂ ಆಧಾರವಿಲ್ಲ. ಅವರಲ್ಲಿ ಬಹುಪಾಲಿನ ಪೂರ್ವಿಕರು ಪೋರ್ಚುಗೀಸರ ಗೋವೆಯ ಗುಲಾಮಗಿರಿಯಿಂದ ಕಾಡಿಗೆ ಬಂದವರು. ಡಮಾಮಿಯ ಬಡಿತದಲ್ಲಿ, ಹೆಂಗಸರು ಹೊಲಿಯುವ ಬಣ್ಣಬಣ್ಣದ ಕೌದಿಗಳಲ್ಲಿ ತಮ್ಮ ಕಲೆಯನ್ನು ಉಳಿಸಿಕೊಂಡು, 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಪಡೆದವರು. ಆಸ್ಥಾನದ ಹಬಸಿಗೂ ಕಾಡಿನ ಸಿದ್ದಿಗೂ ವರ್ಗದ ಅಂತರ ದೊಡ್ಡದು. ಕನ್ನಡ ನಾಡಿನ ಕಲಾಚರಿತ್ರೆಯಲ್ಲಿ ಇಬ್ಬರಿಗೂ ತಕ್ಕ ಸ್ಥಳ ದೊರೆತಿಲ್ಲ ಎಂಬುದಷ್ಟೇ ಸಮಾನ.

ಉಚ್ಚಂಗಿದುರ್ಗವಿರುವ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದಾಗಲೆಲ್ಲ ಅದರ ಚರಿತ್ರೆಯನ್ನು ಯಾರೂ ಬಿಟ್ಟುಕೊಡಲಿಲ್ಲ. ಆದವಾನಿಯ ವಿಷಯದಲ್ಲಿ 1953ರ ಗಡಿರೇಖೆಯೇ ಅಧ್ಯಯನದ ಗಡಿಯೂ ಆಯಿತು. ಆದವಾನಿಯ ಪಾರಸಿ ಶಾಸನಗಳು, ಬಿಕಾನೇರದ ಸಂಗ್ರಹದ ಟಿಪ್ಪಣಿಗಳು, ವಿಜಾಪುರದ ಚಿತ್ರಗಳು, ಹಳೆಯ ಬಳ್ಳಾರಿ ಜಿಲ್ಲೆಯ ದಾಖಲೆಗಳು, ಇವನ್ನು ಒಟ್ಟಿಗೆ ಇರಿಸಿ ಓದುವ ಕೆಲಸ ಕನ್ನಡದಲ್ಲಿ ನಡೆದಾಗ ಮಸೂದ್ ಖಾನನ ನಿಜವಾದ ಅಳತೆ ತಿಳಿಯುತ್ತದೆ. ಅಲ್ಲಿಯವರೆಗೆ ಅವನ ಪರವಾಗಿ ಸಾಕ್ಷಿ ನುಡಿಯುತ್ತಿರುವುದು ಆದವಾನಿಯ ಆ ಮಸೀದಿಯೊಂದೇ.